ಕನ್ನಡಕ ತೆಗೆಯುವ ಮುನ್ನ, ತೆಗೆದ ನಂತರ

ಆರೋಗ್ಯ ಪ್ರಶ್ನೋತ್ತರ

ಈ ತಿಂಗಳು ನಮ್ಮ ಕೈ ಸೇರಿದ ಪತ್ರಗಳಲ್ಲಿ ನಾಲ್ಕು ಒಂದೇ ಜಿಲ್ಲೆಯವು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ. ನಾಲ್ಕರ ವಿಷಯವೂ ಒಂದೇ, ಕನ್ನಡಕವನ್ನು ತೆಗೆಸುವ ಲೇಸರ್ ಶಸ್ತ್ರಚಿಕಿತ್ಸೆ. ಒಬ್ಬರು ಮಾಡಿಸಬೇಕೆಂದಿದ್ದಾರೆ, ಒಬ್ಬರಿಗೆ ವೈದ್ಯರು ಬೇಡ ಎಂದಿದ್ದಾರೆ, ಒಬ್ಬರಿಗೆ ಉದ್ಯೋಗದ ಚಿಂತೆ, ಇನ್ನೊಬ್ಬರು ಮಾಡಿಸಿಕೊಂಡು ಹೆದರಿ ಕುಳಿತಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಈ ಒಂದು ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಒಂದು ಮಾತು. ಉತ್ತರ ಕರ್ನಾಟಕದ ಹಿರಿಯರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಎಂದಾಗ ಮೊದಲು ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿಯವರದ್ದು. ಬೀಳಗಿಯಲ್ಲಿ ಹುಟ್ಟಿದ, 2005ರಲ್ಲಿ ನಿಧನರಾದ ಈ ವೈದ್ಯರು ಊರೂರು ಸುತ್ತಿ ಶಿಬಿರ ನಡೆಸಿ ಪೊರೆ ಬಂದ ಕಣ್ಣುಗಳಿಗೆ ಬೆಳಕು ಕೊಟ್ಟರು. 'ಕಣ್ಣು ಕೊಟ್ಟ ಅಣ್ಣ' ಎಂದು ಜನ ಅವರನ್ನು ಕರೆದರು. ಅಲ್ಲಿ ಕಾಣದ ಕಣ್ಣಿಗೆ ಚಿಕಿತ್ಸೆ ನಡೆಯುತ್ತಿತ್ತು. ಲೇಸರ್ ಚಿಕಿತ್ಸೆಯ ವಿಷಯ ಹಾಗಲ್ಲ. ಇದು ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುವ, ಆರೋಗ್ಯವಂತ ಕಣ್ಣಿನ ಮೇಲೆ ನಡೆಯುವ ಶಸ್ತ್ರಚಿಕಿತ್ಸೆ. ಅದಕ್ಕೇ ಇಲ್ಲಿ 'ಮಾಡಬಹುದೇ' ಎಂಬ ಪ್ರಶ್ನೆ 'ಹೇಗೆ ಮಾಡುತ್ತಾರೆ' ಎಂಬ ಪ್ರಶ್ನೆಗಿಂತ ದೊಡ್ಡದು.

ಪ್ರಶ್ನೆ: ನಾನು 18ರ ಹರೆಯದ ಯುವತಿ. ಎಂಟನೆಯ ತರಗತಿಯಿಂದ ಕನ್ನಡಕ ಧರಿಸುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ಮೈನಸ್ ಮೂರೂವರೆ ಇದ್ದ ಪವರ್ ಈಗ ಮೈನಸ್ ಐದು ಆಗಿದೆ. ಮದುವೆಗೆ ಬಂದ ಎರಡು ಸಂಬಂಧಗಳು ಕನ್ನಡಕದ ಕಾರಣಕ್ಕೆ ತಪ್ಪಿಹೋದವು. ಈಗ ಮನೆಯವರು ಅಮ್ಮನ ಚಿನ್ನ ಅಡವಿಟ್ಟಾದರೂ ಲೇಸರ್ ಮಾಡಿಸೋಣ, ಮುಂದೆ ಬರುವವರಿಗೆ ಏನೂ ಹೇಳುವುದು ಬೇಡ ಎನ್ನುತ್ತಿದ್ದಾರೆ. ನಾನು ಮಾಡಿಸಬಹುದೇ?
- ಓರ್ವ ಸಹೋದರಿ, ಗಂಗಾವತಿ

ಉತ್ತರ: ಸಹೋದರೀ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಕಣ್ಣಿನದ್ದು, ಇನ್ನೊಂದು ಮನೆಯದ್ದು. ಮೊದಲು ಕಣ್ಣಿನ ವಿಷಯ ನೋಡೋಣ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಪಾರದರ್ಶಕವಾಗಿರುವ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ 500ರಿಂದ 550 ಮೈಕ್ರಾನ್. ಮೈನಸ್ ಪವರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಉದ್ದವಾಗಿರುತ್ತದೆ. ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಬೀಳುತ್ತದೆ. ಲೇಸಿಕ್ ಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲ್ಪದರವನ್ನು ತೆಳುವಾದ ಮುಚ್ಚಳದಂತೆ ಬಿಡಿಸಿ, ಒಳಗಿನ ಭಾಗವನ್ನು ಲೇಸರ್ ಕಿರಣದಿಂದ ಸ್ವಲ್ಪ ಸವೆಸಿ, ಮುಚ್ಚಳವನ್ನು ಮತ್ತೆ ಅದರ ಜಾಗದಲ್ಲಿ ಇಡುತ್ತಾರೆ. ಕಾರ್ನಿಯಾ ಚಪ್ಪಟೆಯಾಗಿ ಬಿಂಬ ಸರಿಯಾದ ಜಾಗದಲ್ಲಿ ಬೀಳುತ್ತದೆ.

ಈ ಕಿರಣದ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬ ವಿಜ್ಞಾನಿಯ ಶ್ರಮವಿದೆ. ಮದ್ರಾಸಿನಲ್ಲಿ ಜನಿಸಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಹಬ್ಬದ ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿ ನೋಡಿದರು. ಸುತ್ತಲಿನ ಭಾಗ ಸುಡದೆ, ಬೇಕಾದಷ್ಟೇ ಭಾಗ ನವಿರಾಗಿ ತೆಗೆಯಲ್ಪಟ್ಟಿತ್ತು. ಅಲ್ಲಿಂದ ಮುಂದೆ ಹಲವರ ಸಂಶೋಧನೆ ಸೇರಿ, 1990ರ ಸುಮಾರಿಗೆ ಗ್ರೀಸ್‌ನ ಡಾ. ಪಲ್ಲಿಕಾರಿಸ್ ಇಂದಿನ ಲೇಸಿಕ್ ವಿಧಾನಕ್ಕೆ ರೂಪ ಕೊಟ್ಟರು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಪವರ್ ತೆಗೆಯಲು ಸುಮಾರು 12ರಿಂದ 15 ಮೈಕ್ರಾನ್ ಸವೆಸಬೇಕಾಗುತ್ತದೆ. ನಿಮ್ಮ ಐದು ಪವರ್‌ಗೆ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಮುಚ್ಚಳದ ದಪ್ಪ ಸುಮಾರು 110. ನಿಮ್ಮ ಕಾರ್ನಿಯಾ 520 ಇದ್ದರೆ ಕೆಳಗೆ 340 ಮೈಕ್ರಾನ್ ಉಳಿಯುತ್ತದೆ. ಕನಿಷ್ಠ 250 ಉಳಿಯಲೇಬೇಕು, 300 ಉಳಿದರೆ ಒಳ್ಳೆಯದು ಎಂಬುದು ವೈದ್ಯರ ಅಳತೆ. ಅಂದರೆ ಲೆಕ್ಕದ ಪ್ರಕಾರ ನಿಮಗೆ ಅಡ್ಡಿ ಇರಲಾರದು. ಆದರೆ ಅಡ್ಡಿ ಬೇರೆ ಕಡೆ ಇದೆ.

ನಿಮ್ಮ ಪವರ್ ಇನ್ನೂ ನಿಂತಿಲ್ಲ. ಎರಡು ವರ್ಷಗಳಲ್ಲಿ ಒಂದೂವರೆ ಏರಿದೆ. ಇವತ್ತು ಐದನ್ನು ತೆಗೆದರೆ ಕಣ್ಣು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಮುಂದಿನ ವರ್ಷ ಮೈನಸ್ ಅರ್ಧ, ಅದರ ಮರುವರ್ಷ ಮೈನಸ್ ಒಂದು ಎಂದು ಕನ್ನಡಕ ಮರಳಿ ಬರಬಹುದು. 18 ವರ್ಷ ತುಂಬಿರಬೇಕು ಎಂಬುದು ಕನಿಷ್ಠ ಮಿತಿ ಮಾತ್ರ. ಕನಿಷ್ಠ ಒಂದು ವರ್ಷ ಕಾಲ ಪವರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು ಎಂಬುದು ಅದಕ್ಕಿಂತ ಮುಖ್ಯವಾದ ನಿಯಮ. ಹೆಚ್ಚಿನವರಲ್ಲಿ ಇದು 20-21ರ ಹೊತ್ತಿಗೆ ನಿಲ್ಲುತ್ತದೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ. ಆದ್ದರಿಂದ ಈಗ ಬೇಡ. ಆರು ತಿಂಗಳಿಗೊಮ್ಮೆ ಪರೀಕ್ಷಿಸಿ ಪ್ರತಿ ಸಲದ ಚೀಟಿಯನ್ನು ದಿನಾಂಕ ಸಹಿತ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ವೈದ್ಯರು ಮೊದಲು ಕೇಳುವುದೇ ಅದನ್ನು.

ಇನ್ನು ಮನೆಯ ವಿಷಯ. ಲೇಸರ್ ಮಾಡಿಸಿದರೆ ಕನ್ನಡಕ ಹೋಗುತ್ತದೆಯೇ ಹೊರತು ಕಣ್ಣಿನ ಉದ್ದ ಕಡಿಮೆಯಾಗುವುದಿಲ್ಲ. ಮೈನಸ್ ಪವರ್ ಹೆಚ್ಚಿದ್ದವರ ರೆಟಿನಾ ತುಸು ತೆಳುವಾಗಿರುವ ಸಂಭವ ಇರುವುದರಿಂದ ಚಿಕಿತ್ಸೆಯ ನಂತರವೂ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಮಕ್ಕಳಿಗೂ ದೃಷ್ಟಿದೋಷ ಬರಬಹುದು. ಹೀಗಿರುವಾಗ ಮುಚ್ಚಿಟ್ಟು ಮದುವೆ ಮಾಡಿದರೆ ನಾಳೆ ಕಣ್ಣಿಗೆ ಹನಿ ಹಾಕುವುದನ್ನೂ ಕದ್ದು ಮಾಡಬೇಕಾದ ಸ್ಥಿತಿ ನಿಮ್ಮದಾಗುತ್ತದೆ. ಕನ್ನಡಕ ಕಾಯಿಲೆಯಲ್ಲ, ಕುಂದೂ ಅಲ್ಲ. ಕನ್ನಡಕ ಕಂಡು ಎದ್ದು ಹೋದ ಸಂಬಂಧಕ್ಕಾಗಿ ಅಮ್ಮನ ಚಿನ್ನ ಅಡವಿಡುವುದಕ್ಕಿಂತ, ಕನ್ನಡಕ ಹಾಕಿಕೊಂಡೇ ನಿಮ್ಮ ಓದನ್ನು ಮುಂದುವರಿಸುವುದು ಮೇಲು. ಎರಡು ಮೂರು ವರ್ಷದ ನಂತರ ಪವರ್ ನಿಂತಾಗ, ನಿಮಗೇ ಬೇಕೆನಿಸಿದರೆ, ನಿಮ್ಮ ಸಂತೋಷಕ್ಕಾಗಿ ಮಾಡಿಸಿ. ಈ ಉತ್ತರವನ್ನು ತಾಯಿ ತಂದೆಗೂ ಓದಿ ಹೇಳಿ.

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಚಿಕ್ಕಂದಿನಿಂದ ಕಣ್ಣು ತುರಿಕೆ. ಬೇಸಿಗೆ ಬಂತೆಂದರೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾಳೆ. ಆರು ತಿಂಗಳಿಗೊಮ್ಮೆ ಕನ್ನಡಕ ಬದಲಾಗುತ್ತಿದೆ, ಆದರೂ ಸ್ಪಷ್ಟವಾಗಿ ಕಾಣುವುದಿಲ್ಲ ಎನ್ನುತ್ತಾಳೆ. ಲೇಸರ್‌ಗೆಂದು ದೂರದ ನಗರಕ್ಕೆ ಕರೆದುಕೊಂಡು ಹೋದೆವು. ಯಂತ್ರದಲ್ಲಿ ಪರೀಕ್ಷೆ ಮಾಡಿ, ಕಾರ್ನಿಯಾ ತೆಳುವಾಗಿದೆ, ಆಕಾರ ಸರಿಯಿಲ್ಲ, ಲೇಸರ್ ಮಾಡಲಾಗದು ಎಂದು ಹಿಂದೆ ಕಳುಹಿಸಿದರು. ಮತ್ತೊಂದು ಕಡೆ ಫೋನ್ ಮಾಡಿದಾಗ, ಬನ್ನಿ, ಈ ತಿಂಗಳು ರಿಯಾಯಿತಿ ಇದೆ, ಮಾಡಿಕೊಡುತ್ತೇವೆ ಎಂದರು. ಯಾರ ಮಾತು ನಂಬಲಿ?
- ಓರ್ವ ತಾಯಿ, ಕುಷ್ಟಗಿ

ಉತ್ತರ: ತಾಯೀ, ನಿಮ್ಮ ಮಗಳನ್ನು ಪರೀಕ್ಷೆ ಮಾಡಿ ಬೇಡ ಎಂದವರನ್ನು ನಂಬಿ. ಪರೀಕ್ಷಿಸದೆ ಫೋನಿನಲ್ಲೇ ಒಪ್ಪಿಕೊಂಡವರ ಕಡೆ ಸದ್ಯ ಹೋಗಬೇಡಿ. ಮೊದಲಿನವರು ನಿಮಗೆ ಮಾಡಿದ್ದು ಉಪಕಾರ.

ನೀವು ಬರೆದ ಲಕ್ಷಣಗಳೆಲ್ಲ 'ಕೆರಟೋಕೋನಸ್' ಎಂಬ ತೊಂದರೆಯತ್ತ ಬೆರಳು ತೋರಿಸುತ್ತವೆ. ಇದರಲ್ಲಿ ಕಾರ್ನಿಯಾ ನಿಧಾನವಾಗಿ ತೆಳುವಾಗಿ, ಮುಂದಕ್ಕೆ ಶಂಕುವಿನಂತೆ ಉಬ್ಬುತ್ತದೆ. ಹದಿಹರೆಯದಲ್ಲಿ ಶುರುವಾಗುವುದೇ ಹೆಚ್ಚು. ಸಿಲಿಂಡರ್ ಪವರ್ ಏರುತ್ತಾ ಹೋಗುತ್ತದೆ, ಕನ್ನಡಕ ಎಷ್ಟು ಬದಲಿಸಿದರೂ ಅಕ್ಷರಗಳಿಗೆ ನೆರಳು ಕಾಣುತ್ತದೆ. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ನಿಕಟ ಸಂಬಂಧವಿದೆ. ಕುಷ್ಟಗಿಯಂತಹ ಬಿಸಿಲು, ಒಣಗಾಳಿ, ಧೂಳಿನ ನಾಡಿನಲ್ಲಿ ಮಕ್ಕಳಿಗೆ ಅಲರ್ಜಿಯ ತುರಿಕೆ ಸಾಮಾನ್ಯ. ಅದನ್ನು ನಾವು 'ಉಷ್ಣ' ಎಂದು ಬಿಟ್ಟುಬಿಡುತ್ತೇವೆ. ಮಗು ಉಜ್ಜುತ್ತಲೇ ಇರುತ್ತದೆ.

ಇಂತಹ ಕಾರ್ನಿಯಾವನ್ನು ಲೇಸರ್‌ನಿಂದ ಇನ್ನಷ್ಟು ಸವೆಸಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ. ಗೆದ್ದಲು ಹಿಡಿದ ತೊಲೆಯನ್ನು ಮತ್ತೆ ಕೆತ್ತಿದಂತೆ. ಕೆಲವು ತಿಂಗಳು ಚೆನ್ನಾಗಿ ಕಂಡು, ಆಮೇಲೆ ಕಾರ್ನಿಯಾ ಇನ್ನೂ ಉಬ್ಬಿ, ದೃಷ್ಟಿ ಮೊದಲಿಗಿಂತ ಕೆಡಬಹುದು. ಕೊನೆಗೆ ಬೇರೊಬ್ಬರು ದಾನ ಮಾಡಿದ ಕಾರ್ನಿಯಾವನ್ನು ಕಸಿ ಮಾಡಬೇಕಾಗಿ ಬರುವುದೂ ಉಂಟು. ಲೇಸರ್‌ಗೆ ಮುನ್ನ ಕಾರ್ನಿಯಾದ ನಕ್ಷೆ ತೆಗೆಯುವ ಪರೀಕ್ಷೆಯನ್ನು (ಟೋಪೋಗ್ರಫಿ) ಕಡ್ಡಾಯವಾಗಿ ಮಾಡುವುದೇ ಈ ತೊಂದರೆಯನ್ನು ಹಿಡಿಯಲು. ಮೇಲೆ ಆರೋಗ್ಯವಾಗಿ ಕಾಣುವ ಕಣ್ಣಿನಲ್ಲೂ ಅದು ಆರಂಭದ ಹಂತದಲ್ಲಿ ಅಡಗಿರಬಹುದು.

ಹಾಗಾದರೆ ಮುಂದೇನು? ನಿರಾಶರಾಗಬೇಡಿ. ಇದಕ್ಕೆ 'ಕ್ರಾಸ್ ಲಿಂಕಿಂಗ್' ಎಂಬ ಚಿಕಿತ್ಸೆ ಇದೆ. ಸಿ3ಆರ್ ಎಂದೂ ಕರೆಯುತ್ತಾರೆ. ಕಾರ್ನಿಯಾಕ್ಕೆ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಹನಿಗಳನ್ನು ಹಾಕಿ, ಅದರ ಮೇಲೆ ಅಳತೆಯ ನೇರಳಾತೀತ ಕಿರಣ ಬಿಡುತ್ತಾರೆ. ಒಳಗಿನ ಎಳೆಗಳು ಪರಸ್ಪರ ಬಿಗಿದುಕೊಂಡು ಕಾರ್ನಿಯಾ ಗಟ್ಟಿಯಾಗುತ್ತದೆ. ಒಂದು ಮಾತು ನೆನಪಿಡಿ: ಈ ಚಿಕಿತ್ಸೆ ಕನ್ನಡಕ ತೆಗೆಯಲಿಕ್ಕಲ್ಲ, ತೊಂದರೆ ಮುಂದುವರಿಯದಂತೆ ತಡೆಯಲಿಕ್ಕೆ. ಆದ್ದರಿಂದ ತಡ ಮಾಡಿದಷ್ಟು ನಷ್ಟ. ಆ ನಂತರ ಗಟ್ಟಿ ಕಾಂಟಾಕ್ಟ್ ಲೆನ್ಸ್‌ಗಳಿಂದ ಸ್ಪಷ್ಟ ದೃಷ್ಟಿ ಪಡೆಯಲು ಸಾಧ್ಯವಿದೆ.

ಮೂರು ಕೆಲಸಗಳನ್ನು ಮಾಡಿ. ಒಂದು, ಆಸ್ಪತ್ರೆಯಲ್ಲಿ ತೆಗೆದ ನಕ್ಷೆಯ ಪ್ರತಿಯನ್ನು ಕೇಳಿ ಪಡೆದು ಕಾರ್ನಿಯಾ ತಜ್ಞರಿಗೆ ತೋರಿಸಿ. 2025ರ ಮೇ ತಿಂಗಳಿನಿಂದ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಓಡುತ್ತಿರುವುದರಿಂದ ಅಲ್ಲಿಯ ಕಣ್ಣಿನ ಆಸ್ಪತ್ರೆಗಳಿಗೆ ಹೋಗಿ ಬರುವುದು ಮೊದಲಿನಷ್ಟು ಕಷ್ಟವಲ್ಲ. ಎರಡು, ತುರಿಕೆಗೆ ವೈದ್ಯರಿಂದಲೇ ಔಷಧಿ ಪಡೆಯಿರಿ. ಅಂಗಡಿಯಲ್ಲಿ ಕೇಳಿ ತರುವ ಹನಿಗಳಲ್ಲಿ ಸ್ಟಿರಾಯ್ಡ್ ಇದ್ದರೆ ತಿಂಗಳುಗಟ್ಟಲೆ ಹಾಕಿದಾಗ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ತುರಿಸಿದಾಗ ಉಜ್ಜದೆ ತಣ್ಣೀರಿನ ಬಟ್ಟೆ ಇಡಲು ಮಗಳಿಗೆ ಕಲಿಸಿ. ಮೂರು, ಕೆರಟೋಕೋನಸ್ ಕುಟುಂಬದಲ್ಲಿ ಹರಿದು ಬರುವ ಸಾಧ್ಯತೆ ಇರುವುದರಿಂದ ಅವಳ ತಮ್ಮ ತಂಗಿಯರ ಕಣ್ಣುಗಳನ್ನೂ ಒಮ್ಮೆ ತೋರಿಸಿ.

ಪ್ರಶ್ನೆ: ನನಗೆ 22 ವರ್ಷ. ಡಿಪ್ಲೊಮಾ ಮುಗಿಸಿದ್ದೇನೆ. ನಮ್ಮ ಊರಿಗೆ ರೈಲು ಬಂದ ದಿನ ಎಂಜಿನ್ ನೋಡಿದಾಗಿನಿಂದ ಅಸಿಸ್ಟೆಂಟ್ ಲೋಕೋ ಪೈಲಟ್ ಆಗಬೇಕೆಂಬ ಆಸೆ. ಆದರೆ ನನಗೆ ಮೈನಸ್ ಮೂರೂವರೆ ಕನ್ನಡಕ ಇದೆ. ಲೇಸರ್ ಮಾಡಿಸಿ ಪರೀಕ್ಷೆ ಬರೆದರೆ ಮೆಡಿಕಲ್‌ನಲ್ಲಿ ಪಾಸಾಗಬಹುದೇ? ಗೆಳೆಯರು ಹೇಳದಿದ್ದರೆ ಯಾರಿಗೂ ಗೊತ್ತಾಗದು ಎನ್ನುತ್ತಾರೆ.
- ಓರ್ವ ಯುವಕ, ಯಲಬುರ್ಗಾ

ಉತ್ತರ: ಸಹೋದರಾ, ನಿಮ್ಮ ಪತ್ರ ಸಕಾಲದಲ್ಲಿ ಬಂತು. ಹಣ ಕಟ್ಟುವ ಮೊದಲು ಕೇಳಿದ್ದೀರಿ.

ರೈಲ್ವೆಯಲ್ಲಿ ಹುದ್ದೆಗಳನ್ನು ವೈದ್ಯಕೀಯವಾಗಿ ಎ-1, ಎ-2, ಎ-3, ಬಿ-1, ಬಿ-2, ಸಿ-1, ಸಿ-2 ಎಂದು ವಿಂಗಡಿಸಿದ್ದಾರೆ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆ ಎ-1ಕ್ಕೆ ಸೇರಿದ್ದು. ಇದಕ್ಕೆ ಕನ್ನಡಕವಿಲ್ಲದೆ ಎರಡೂ ಕಣ್ಣುಗಳಲ್ಲಿ 6/6 ದೃಷ್ಟಿ ಇರಬೇಕು. ಜೊತೆಗೆ ಬಣ್ಣ ಗುರುತಿಸುವ ಪರೀಕ್ಷೆ, ರಾತ್ರಿ ದೃಷ್ಟಿಯ ಪರೀಕ್ಷೆ ಮುಂತಾದವುಗಳಿವೆ. ಅಷ್ಟೇ ಅಲ್ಲ, ಲೇಸಿಕ್ ಅಥವಾ ಕನ್ನಡಕ ತೆಗೆಸುವ ಬೇರಾವುದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎ-1, ಎ-2, ಎ-3 ಹುದ್ದೆಗಳಿಗೆ ಅರ್ಹರಲ್ಲ ಎಂದು ರೈಲ್ವೆ ನೇಮಕಾತಿ ಮಂಡಳಿಯ ಅಧಿಸೂಚನೆಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಅಂದರೆ ಕನ್ನಡಕ ಇದ್ದರೂ ಆ ಬಾಗಿಲು ಮುಚ್ಚಿದೆ, ಲೇಸರ್ ಮಾಡಿಸಿದರೂ ಮುಚ್ಚಿದೆ. ಮನಸ್ಸಿಗೆ ನೋವಾಗುವ ಉತ್ತರ, ಆದರೆ ಹಣ ಕಳೆದುಕೊಂಡ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಒಳ್ಳೆಯದು.

'ಹೇಳದಿದ್ದರೆ ಗೊತ್ತಾಗದು' ಎಂಬ ಮಾತನ್ನು ನಂಬಬೇಡಿ. ಲೇಸಿಕ್‌ನ ಮುಚ್ಚಳದ ಅಂಚು ತಜ್ಞರ ಸೂಕ್ಷ್ಮದರ್ಶಕದಲ್ಲಿ ವರ್ಷಗಳ ನಂತರವೂ ಕಾಣಬಹುದು. ಕಾರ್ನಿಯಾದ ನಕ್ಷೆ ತೆಗೆದರೆ ಚಪ್ಪಟೆ ಮಾಡಿದ್ದು ಎದ್ದು ಕಾಣುತ್ತದೆ. ಅದಲ್ಲದೆ, ರಾತ್ರಿ ಹೊತ್ತು ಸಿಗ್ನಲ್ ದೀಪದ ಸುತ್ತ ಬಳೆಯಂತೆ ಬೆಳಕು ಕಂಡರೆ ಹಿಂದಿನ ಬೋಗಿಗಳಲ್ಲಿ ಮಲಗಿರುವ ಸಾವಿರಾರು ಜನರ ಗತಿಯೇನು? ನಿಯಮ ಇರುವುದು ಅವರಿಗಾಗಿ.

ಆದರೆ ರೈಲ್ವೆ ಎಂದರೆ ಎಂಜಿನ್ ಮಾತ್ರವಲ್ಲ. ಸಿ ವರ್ಗದ ಗುಮಾಸ್ತ ಹುದ್ದೆಗಳಲ್ಲಿ ಕನ್ನಡಕ ಧರಿಸಿದವರಿಗೂ ಅವಕಾಶವಿದೆ. ಬಿ-1 ವರ್ಗದಲ್ಲೂ ನಾಲ್ಕು ಪವರ್ ಒಳಗಿನ ಕನ್ನಡಕಕ್ಕೆ ಅವಕಾಶವಿದ್ದು, ನಿಮ್ಮ ಮೂರೂವರೆ ಅದರೊಳಗೆ ಬರುತ್ತದೆ. ನಿಮ್ಮ ಡಿಪ್ಲೊಮಾಕ್ಕೆ ಹೊಂದುವ ಹುದ್ದೆಗಳು ಯಾವ ವರ್ಗಕ್ಕೆ ಸೇರುತ್ತವೆ ಎಂಬುದನ್ನು ಅಧಿಸೂಚನೆಯ ಪಟ್ಟಿಯಲ್ಲಿ ನೋಡಿ ಅರ್ಜಿ ಹಾಕಿ. ಸೇನೆ, ಪೊಲೀಸ್ ಮುಂತಾದ ಬೇರೆ ಇಲಾಖೆಗಳಿಗೆ ಬೇರೆ ಬೇರೆ ನಿಯಮಗಳಿವೆ. ಕೆಲವು ಕಡೆ ಚಿಕಿತ್ಸೆಯಾದಾಗಿನ ವಯಸ್ಸು, ಕಳೆದ ಸಮಯ, ಮೊದಲಿದ್ದ ಪವರ್ ನೋಡಿ ಒಪ್ಪುತ್ತಾರೆ, ಕೆಲವು ಕಡೆ ಒಪ್ಪುವುದಿಲ್ಲ. ಉದ್ಯೋಗಕ್ಕಾಗಿ ಲೇಸರ್ ಮಾಡಿಸುವ ಪ್ರತಿಯೊಬ್ಬರೂ ಮೊದಲು ಅಧಿಸೂಚನೆಯ ವೈದ್ಯಕೀಯ ಪುಟ ಓದಬೇಕು, ಆಮೇಲೆ ಆಸ್ಪತ್ರೆಯ ಜಾಹೀರಾತು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ವಯಸ್ಸು 29. ಐದು ವಾರಗಳ ಹಿಂದೆ ಎರಡೂ ಕಣ್ಣುಗಳಿಗೆ ಲೇಸಿಕ್ ಮಾಡಿಸಿದೆ. ಮರುದಿನವೇ ಗಡಿಯಾರ ಓದಿದಾಗ ಸಂತೋಷದಿಂದ ಅತ್ತುಬಿಟ್ಟೆ. ಈಗ ಅಳು ಬೇರೆ ಕಾರಣಕ್ಕೆ. ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಕೆಲವೊಮ್ಮೆ ಮಂಜು, ರೆಪ್ಪೆ ಬಡಿದರೆ ಸರಿಯಾಗುತ್ತದೆ. ರಾತ್ರಿ ಗಾಡಿಗಳ ದೀಪದ ಸುತ್ತ ಬಳೆ ಕಾಣುತ್ತದೆ. ಎರಡು ವಾರದ ಹನಿ ಮುಗಿದ ಮೇಲೆ ಮತ್ತೆ ತರಲಿಲ್ಲ. ತಪ್ಪು ಮಾಡಿದೆನೇ? ನಮಾಝಿಗೆ ವುಝೂ ಮಾಡುವಾಗಲೂ ಹೆದರಿಕೆ. ಉಪವಾಸದಲ್ಲಿ ಹನಿ ಹಾಕಬಹುದೇ ಎಂಬ ಚಿಂತೆಯೂ ಇದೆ.
- ಓರ್ವ ಶಿಕ್ಷಕಿ, ಕೊಪ್ಪಳ

ಉತ್ತರ: ಸಹೋದರೀ, ಮೊದಲು ಕಣ್ಣೊರೆಸಿಕೊಳ್ಳಿ, ಆದರೆ ಉಜ್ಜಬೇಡಿ! ನೀವು ಬರೆದ ಮೂರೂ ತೊಂದರೆಗಳು ಈ ಹಂತದಲ್ಲಿ ಸಾಮಾನ್ಯವಾದವು.

ಮುಚ್ಚಳ ಬಿಡಿಸುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವವು ಈ ನರಗಳೇ. ಸುದ್ದಿ ಮುಟ್ಟದಿದ್ದಾಗ ಕಣ್ಣೀರು ಕಡಿಮೆ ಬರುತ್ತದೆ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ನರಗಳು ಮತ್ತೆ ಬೆಳೆಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಕೆಲಸವನ್ನು ಕೃತಕ ಕಣ್ಣೀರಿನ ಹನಿ ಮಾಡಬೇಕು. ನೀವು ನಿಲ್ಲಿಸಿದ್ದು ಅದನ್ನೇ ಆಗಿರಬೇಕು. ಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮೂರು ಬಗೆಯ ಹನಿ ಕೊಡುತ್ತಾರೆ. ಸೋಂಕು ತಡೆಯುವ ಹನಿ ಸುಮಾರು ಒಂದು ವಾರ, ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ ವೈದ್ಯರು ಹೇಳಿದಷ್ಟೇ ದಿನ, ಕೃತಕ ಕಣ್ಣೀರು ತಿಂಗಳುಗಟ್ಟಲೆ. ಮೊದಲೆರಡನ್ನು ಸ್ವಂತ ಬುದ್ಧಿಯಿಂದ ಮುಂದುವರಿಸಬಾರದು, ಮೂರನೆಯದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ರಕ್ಷಕ ರಾಸಾಯನಿಕ ಬೆರೆಸದ ಹನಿಯನ್ನು ಬರೆದುಕೊಡಲು ಕೇಳಿ.

ಜೊತೆಗೆ ನಿಮ್ಮ ದಿನಚರಿಯಲ್ಲಿ ಸಣ್ಣ ಬದಲಾವಣೆಗಳನ್ನು ಮಾಡಿ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿರಲಿ. ಸೀಮೆಸುಣ್ಣದ ಹಲಗೆಯನ್ನು ಮಕ್ಕಳಿಂದ ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಮೊಬೈಲ್, ಕಂಪ್ಯೂಟರ್ ನೋಡುವಾಗ 20 ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರ ನೋಡಿ, ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಕೊಪ್ಪಳದಿಂದ ಗಿಣಿಗೇರಾ ಕಡೆ ಹೋಗುವಾಗ ಕಾರ್ಖಾನೆ ಮತ್ತು ಲಾರಿಗಳ ಧೂಳು ಇರುವುದು ನಿಮಗೆ ಗೊತ್ತೇ ಇದೆ. ಹೊರಗೆ ಹೊರಟಾಗ ಪಕ್ಕವೂ ಮುಚ್ಚುವ ತಂಪು ಕನ್ನಡಕ ಧರಿಸಿ.

ದೀಪದ ಸುತ್ತಲಿನ ಬಳೆ ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಅಲ್ಪಸ್ವಲ್ಪ ಉಳಿಯುವುದೂ ಉಂಟು. ಅಲ್ಲಿಯವರೆಗೆ ರಾತ್ರಿ ಸ್ಕೂಟರ್ ಓಡಿಸಬೇಡಿ.

ವುಝೂವಿನ ವಿಷಯ. ನಿಮಗೆ ಐದು ವಾರ ಕಳೆದಿರುವುದರಿಂದ ಶುದ್ಧ ನಲ್ಲಿ ನೀರಿನಲ್ಲಿ ಕಣ್ಣು ಮುಚ್ಚಿಕೊಂಡು ಮೆತ್ತಗೆ ಮುಖ ತೊಳೆಯಲು ವೈದ್ಯಕೀಯವಾಗಿ ಅಡ್ಡಿಯಿಲ್ಲ. ನೀರನ್ನು ರಾಚಬೇಡಿ, ಟವೆಲಿನಿಂದ ಒತ್ತಿ ಒರೆಸಬೇಡಿ. ಆದರೆ ಮುಂದೆ ಮಾಡಿಸುವವರು ತಿಳಿದಿರಲಿ: ಮೊದಲ ಒಂದೆರಡು ವಾರ ಕಣ್ಣಿಗೆ ನೀರು ಸೋಕಬಾರದು. ಆ ದಿನಗಳಲ್ಲಿ ನೀರು ಹಾನಿಕರ ಎಂದು ವೈದ್ಯರು ಹೇಳಿದಾಗ ಏನು ಮಾಡಬೇಕೆಂಬುದಕ್ಕೆ ಶರೀಅತ್ತಿನಲ್ಲಿ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗುವ ಮೊದಲೇ ಊರಿನ ಆಲಿಮರಲ್ಲಿ ಕೇಳಿಟ್ಟುಕೊಳ್ಳಿ. ಉಪವಾಸದ ಕುರಿತು, ಕಣ್ಣಿನ ಹನಿಯಿಂದ ವ್ರತ ಮುರಿಯುವುದಿಲ್ಲ ಎಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1997ರಲ್ಲಿ ನಿರ್ಣಯಿಸಿದೆ. ಆದರೂ ಮನಸ್ಸಿಗೆ ಅಳುಕಿರುವವರು ಚಿಕಿತ್ಸೆಯ ದಿನವನ್ನು ರಮಝಾನಿನಿಂದ ದೂರ ಇಟ್ಟುಕೊಳ್ಳಬಹುದು. ಮೊದಲ ವಾರದ ಹನಿಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು.

ಈ ಲಕ್ಷಣಗಳು ಕಂಡರೆ ಒಂದು ದಿನವೂ ಕಾಯಬೇಡಿ: ದಿನದಿಂದ ದಿನಕ್ಕೆ ಹೆಚ್ಚುವ ನೋವು, ಕೆಂಪು, ಕೀವು, ಬೆಳಕನ್ನು ನೋಡಲಾಗದಿರುವುದು, ದೃಷ್ಟಿ ಇದ್ದಕ್ಕಿದ್ದಂತೆ ಕುಂದುವುದು, ಕಣ್ಣಿಗೆ ಪೆಟ್ಟು ಬೀಳುವುದು. ಚಿಕ್ಕ ಮಗುವಿನ ಉಗುರು ತಾಗಿ ಮುಚ್ಚಳ ಜರುಗಿದ ಪ್ರಸಂಗಗಳಿವೆ. ಮನೆಯಲ್ಲಿ ಎಳೆಮಗು ಇದ್ದರೆ ಮೊದಲ ವಾರ ಮಲಗುವಾಗ ಕೊಟ್ಟ ಪ್ಲಾಸ್ಟಿಕ್ ಕವಚವನ್ನು ಬಿಡಲೇಬೇಡಿ.

ಒಂದು ವಾರದೊಳಗೆ ನಿಮ್ಮ ಶಸ್ತ್ರಚಿಕಿತ್ಸಕರನ್ನು ಭೇಟಿಯಾಗಿ. ನೀವು ತಪ್ಪು ಮಾಡಿಲ್ಲ. ತಪಾಸಣೆ ತಪ್ಪಿಸಿದ್ದೊಂದೇ ತಪ್ಪು, ಅದನ್ನು ಸರಿಪಡಿಸಬಹುದು.

ಇತರ ಓದುಗರ ಪ್ರಶ್ನೆಗಳಿಗೆ ಚುಟುಕು ಉತ್ತರ

ಭತ್ತದ ಕೊಯ್ಲಿನ ಸಮಯದಲ್ಲಿ ಮಾಡಿಸಬಹುದೇ? ಬೇಡ. ಗಂಗಾವತಿಯ ಭತ್ತದ ಸೀಮೆಯಲ್ಲಿ ಹೊಟ್ಟು ಕಣ್ಣಿಗೆ ತಾಗಿ ಶಿಲೀಂಧ್ರದ ಹುಣ್ಣಾಗುವುದು ಆರೋಗ್ಯವಂತ ಕಣ್ಣಿಗೇ ಅಪಾಯ. ರೈಸ್ ಮಿಲ್, ಕಣ, ಹೊಲದ ಕೆಲಸದವರು ಕೊಯ್ಲು ಮುಗಿದ ಮೇಲೆ, ಕನಿಷ್ಠ ಒಂದು ತಿಂಗಳು ಧೂಳಿನಿಂದ ದೂರವಿರಲು ಸಾಧ್ಯವಾಗುವ ದಿನಗಳನ್ನು ಆರಿಸಿಕೊಳ್ಳಬೇಕು. ಕೆರೆ, ಕಾಲುವೆಯ ಈಜೂ ಒಂದು ತಿಂಗಳು ಬೇಡ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು? ಕಾಯಬೇಕು. ಆ ದಿನಗಳಲ್ಲಿ ಪವರ್ ಏರಿಳಿಯುತ್ತದೆ, ಕಣ್ಣು ಒಣಗುತ್ತದೆ. ಹಾಲು ಬಿಡಿಸಿ ಕೆಲವು ತಿಂಗಳ ನಂತರ ಪರೀಕ್ಷಿಸಿ.

ನನಗೆ 43 ವರ್ಷ, ಇನ್ನು ಕನ್ನಡಕವೇ ಬೇಡವಾಗುವುದೇ? ದೂರದ್ದು ಬೇಡವಾಗಬಹುದು. ನಲವತ್ತರ ನಂತರ ಓದಲು ಬೇಕಾಗುವ ಕನ್ನಡಕ ಮಸೂರದ ವಯೋಸಹಜ ಬದಲಾವಣೆಯಿಂದ ಬರುವಂಥದ್ದು, ಸಾಮಾನ್ಯ ಲೇಸಿಕ್ ಅದನ್ನು ತಡೆಯುವುದಿಲ್ಲ.

ಸುರ್ಮಾ, ಕಾಡಿಗೆ? ಕನಿಷ್ಠ ಎರಡು ಮೂರು ವಾರ ಏನೂ ಬೇಡ. ಸುರ್ಮಾದಲ್ಲಿ ಹಲವು ಬಾರಿ ಸೀಸ ಇರುತ್ತದೆ. ಮಕ್ಕಳ ಕಣ್ಣಿಗಂತೂ ಎಂದೂ ಹಚ್ಚಬೇಡಿ.

ಯಾವ ವಿಧಾನ ಒಳ್ಳೆಯದು? ಕಾರ್ನಿಯಾ ತುಸು ತೆಳುವಿದ್ದರೆ ಮುಚ್ಚಳವಿಲ್ಲದ ಪಿಆರ್‌ಕೆ ಮಾಡುತ್ತಾರೆ. ಮೊದಲ ಮೂರ್ನಾಲ್ಕು ದಿನ ನೋವು ಹೆಚ್ಚು, ದೃಷ್ಟಿ ಸ್ಪಷ್ಟವಾಗಲು ವಾರಗಳು ಬೇಕು. ಸ್ಮೈಲ್ ವಿಧಾನದಲ್ಲಿ ಮುಚ್ಚಳದ ಬದಲು ಸಣ್ಣ ಸೀಳು ಮಾತ್ರ. ಪವರ್ ಎಂಟು-ಹತ್ತು ದಾಟಿದ್ದರೆ ಕಣ್ಣೊಳಗೆ ಐಸಿಎಲ್ ಎಂಬ ಲೆನ್ಸ್ ಇಡುವ ದಾರಿಯಿದೆ. ಕಣ್ಣಿಗೆ ಹೊಂದುವುದೇ ಒಳ್ಳೆಯದು, ದುಬಾರಿಯಾದದ್ದೆಲ್ಲ ಒಳ್ಳೆಯದಲ್ಲ.

ಆರೋಗ್ಯ ವಿಮೆ ಸಿಗುತ್ತದೆಯೇ? ಏಳೂವರೆ ಪವರ್‌ಗಿಂತ ಕಡಿಮೆ ಇರುವ ದೃಷ್ಟಿದೋಷದ ಚಿಕಿತ್ಸೆಯನ್ನು ವಿಮಾ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ. ಪಾಲಿಸಿ ಓದಿ ನೋಡಿ.

ಪರೀಕ್ಷೆಗೆ ಹೋಗುವ ಮುನ್ನ? ಮೃದು ಕಾಂಟಾಕ್ಟ್ ಲೆನ್ಸ್ ಧರಿಸುವವರು ಒಂದೆರಡು ವಾರ, ಗಟ್ಟಿ ಲೆನ್ಸ್ ಧರಿಸುವವರು ಮೂರ್ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ. ಸಕ್ಕರೆ ಕಾಯಿಲೆ, ಕೀಲುವಾತ, ಹಿಂದೆ ಕಣ್ಣಿಗೆ ಸರ್ಪಸುತ್ತು ಆಗಿದ್ದು, ಮೊಡವೆಗೆ ನುಂಗುತ್ತಿರುವ ಮಾತ್ರೆ, ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಯಾವ ಊರಿಗೆ ಹೋಗುವ ಮೊದಲೂ ಹತ್ತಿರದ ನೇತ್ರ ತಜ್ಞರಲ್ಲಿ ಪವರ್, ಕಣ್ಣಿನ ಒತ್ತಡ, ರೆಟಿನಾ ಪರೀಕ್ಷಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಲೇಸರ್ ಕೇಂದ್ರದಲ್ಲಿ ಈ ಮೂರನ್ನು ಕೇಳಲು ಮರೆಯಬೇಡಿ: ನನ್ನ ಕಾರ್ನಿಯಾ ಎಷ್ಟು ದಪ್ಪ? ಚಿಕಿತ್ಸೆಯ ನಂತರ ಎಷ್ಟು ಉಳಿಯುತ್ತದೆ? ನಕ್ಷೆ ಸರಿಯಿದೆಯೇ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರಕ್ಕೂ ತೃಪ್ತಿಕರ ಉತ್ತರ ಸಿಕ್ಕಿ, ಪವರ್ ನಿಂತಿದ್ದರೆ ಈ ಚಿಕಿತ್ಸೆ ಹೆಚ್ಚಿನವರಿಗೆ ಒಳ್ಳೆಯ ಫಲವನ್ನೇ ಕೊಡುತ್ತದೆ. ಸಿಗದಿದ್ದರೆ ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಳ್ಳಿ. ಅದರಿಂದ ಇದುವರೆಗೆ ಚೆನ್ನಾಗಿಯೇ ಕಂಡಿದೆ, ಮುಂದೆಯೂ ಕಾಣುತ್ತದೆ.